ನಾಲ್ಕನೇ ಕಂಪ್ಯೂಟರಿನಲ್ಲಿ ತೆರೆಯದ ಪುಟ

ವಯಸ್ಸು 43 ವರ್ಷ, ಕಸುಬು ಕಂಪ್ಯೂಟರ್ ನೆಟ್‌ವರ್ಕ್ ರಿಪೇರಿ, ವಾಸ ಟೈಲರ್ ಅಂಗಡಿಯ ಮೇಲಿನ ಮಹಡಿ, ಜನ ಕರೆಯುವುದು ವೈರಣ್ಣ ಎಂದು. ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ,

ನಿನ್ನೆ ಮಂಗಳವಾರ ಬೆಳಿಗ್ಗೆ 10.20ಕ್ಕೆ ಪಾರ್ಸೆಲ್ ಕಚೇರಿಯ ಮಾಲೀಕರು ಫೋನ್ ಮಾಡಿ, ಎಂಟು ಕಂಪ್ಯೂಟರುಗಳಲ್ಲೂ ಇಂಟರ್ನೆಟ್ ನಿಂತಿದೆ, ಕೂಡಲೇ ಬರಬೇಕೆಂದರು. 10.50ಕ್ಕೆ ತಲುಪಿದೆನು. ಅಲ್ಲಿ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಪ್ರಾಕ್ಸಿ ಸರ್ವರ್ ಇದೆ. ಎರಡು ವರ್ಷದ ಹಿಂದೆ ನಾನೇ ಕೂರಿಸಿದ್ದು. ಕಚೇರಿಯ ಇಂಟರ್ನೆಟ್ ಎಲ್ಲವೂ ಅದರ ಮೂಲಕವೇ ಹೋಗಿಬರುತ್ತದೆ. ಬೇಡವೆಂದ ಪುಟಗಳನ್ನು ಅದು ತಡೆಯುತ್ತದೆ. ಯಾವ ಕಂಪ್ಯೂಟರಿನಿಂದ ಯಾವ ಪುಟ ಕೇಳಿದರೆಂಬುದನ್ನು ಗಂಟೆ, ನಿಮಿಷದ ಸಮೇತ ಲಾಗ್ ಎಂಬ ಫೈಲಿನಲ್ಲಿ ಬರೆದಿಡುತ್ತದೆ.

ಕೇಬಲ್ ಸರಿಯಿತ್ತು. ಹಳೆಯ ಲಾಗ್‌ನಿಂದ ಡಿಸ್ಕ್ ಭರ್ತಿಯಾಗಿತ್ತು. ಲಾಗ್ ಪೂರ್ತಿಯನ್ನು ನನ್ನ ಪೆನ್‌ಡ್ರೈವಿಗೆ ನಕಲು ಮಾಡಿಕೊಂಡು, ಕಳೆದ ಒಂದು ವಾರದ್ದನ್ನು ಬಿಟ್ಟು ಮಿಕ್ಕದ್ದನ್ನು ಅಳಿಸಿದೆ. 11.30ಕ್ಕೆ ಇಂಟರ್ನೆಟ್ ಬಂತು. ಆಗ ನಾಲ್ಕನೇ ಕಂಪ್ಯೂಟರಿನಲ್ಲಿ ವಿಳಾಸ ಟೈಪ್ ಮಾಡುವ ಹೆಂಗಸು, ಅಂದರೆ ಮಾಲೀಕರ ತಮ್ಮನ ಹೆಂಡತಿ, ಗೂಡಿನ ಹತ್ತಿರ ಬಂದಳು. ಅಷ್ಟು ಸೆಕೆಯಲ್ಲೂ ತೋಳು ಮಣಿಕಟ್ಟಿನವರೆಗೆ ಮುಚ್ಚಿತ್ತು. "ಅಣ್ಣಾ, ನಂದೊಂದು ಪುಟ ಗುರುವಾರದಿಂದ ತೆರೀತಾನೇ ಇಲ್ಲ. ಊಟದ ಹೊತ್ತಲ್ಲಿ, ಯಾರೂ ಇಲ್ದಾಗ ನೋಡ್ತೀರಾ" ಎಂದು ಮೆಲ್ಲಗೆ ಕೇಳಿದಳು. ಆಗಲಮ್ಮ, ಅದಕ್ಕೇನಂತೆ ಎಂದೆನು. ಯಾರೂ ಇಲ್ಲದಾಗ ಯಾಕೆ ಎಂದು ನಾನು ಯೋಚಿಸಲಿಲ್ಲ.

ಒಂದು ಗಂಟೆಗೆ ನನಗೆ ಬೇರೆ ಕಡೆ ಕೆಲಸವಿತ್ತು. ಆದ್ದರಿಂದ ಊಟದವರೆಗೆ ಕಾಯದೆ 11.40ಕ್ಕೇ ನಾಲ್ಕನೇ ಕಂಪ್ಯೂಟರಿನ ಲಾಗ್ ತೆರೆದೆನು. ಒಂದೇ ಪುಟ ಅರವತ್ತೆರಡು ಸಲ ತಡೆಯಲ್ಪಟ್ಟಿತ್ತು. ಮಾಲೀಕರು ನನ್ನ ಬೆನ್ನ ಹಿಂದೆ ಮೂರು ಅಡಿ ದೂರದಲ್ಲಿದ್ದರು. ಏನದು, ಓದಿ ಎಂದರು. ಓದಿದೆನು. ಗಂಡನ ಹೊಡೆತ ತಾಳಲಾರದೆ ಮನೆ ಬಿಟ್ಟು ಬರುವ ಮಹಿಳೆಯರ ವಸತಿಗೃಹದ ಪುಟ ಅದು. ಕೆಟ್ಟ ಪುಟಗಳನ್ನು ತಡೆಯಲೆಂದು 'ಮಹಿಳೆ' ಎಂಬ ಪದವನ್ನು ನಾನೇ ಪಟ್ಟಿಗೆ ಸೇರಿಸಿದ್ದೆ, ಅದಕ್ಕೇ ಇದೂ ಸಿಕ್ಕಿಕೊಂಡಿದೆ ಎಂದು ವಿವರಿಸಿದೆನು. ಫ್ಯಾನಿನ ಸದ್ದಿಗೆ ಗಟ್ಟಿಯಾಗಿಯೇ ಹೇಳಿದೆನು. ತಪ್ಪು ಸಿಕ್ಕಿದ ಖುಷಿಯಲ್ಲಿ, "ನಾಲ್ಕನೇ ನಂಬರಿನೋರಿಗೆ ಮನೆ ಸಾಕಾಗಿದೆ ಅಂತ ಕಾಣುತ್ತೆ ಸಾರ್" ಎಂದು ತಮಾಷೆಯನ್ನೂ ಮಾಡಿದೆನು. ಯಾರೂ ನಗಲಿಲ್ಲ. ಆಕೆ ಹನ್ನೆರಡು ಅಡಿ ದೂರದಲ್ಲಿ ಕುಳಿತಿದ್ದಳು. ಬೆರಳು ಕೀಬೋರ್ಡಿನ ಮೇಲೆ ಇಟ್ಟಲ್ಲೇ ಇದ್ದವು.

11.50ಕ್ಕೆ ಮಾಲೀಕರು ಗೋದಾಮಿನಿಂದ ತಮ್ಮನನ್ನು ಕರೆಸಿ ಕಿವಿಯಲ್ಲಿ ಏನೋ ಹೇಳಿದರು. ಅವನು ಆಕೆಯ ಕುರ್ಚಿಯ ಪಕ್ಕ ಹೋಗಿ ನಿಂತನು. ಆಕೆ ಬ್ಯಾಗ್ ತೆಗೆದುಕೊಂಡಾಗ ಅದನ್ನು ತಾನೇ ಇಸಿದುಕೊಂಡು ಹೆಗಲಿಗೆ ಹಾಕಿಕೊಂಡನು. ನನ್ನೆದುರು ಹಾದುಹೋಗುವಾಗ ಆಕೆ, "ಇರ್ಲಿ ಬಿಡಿ ಅಣ್ಣ, ಇನ್ನು ಆ ಪುಟ ಬೇಡ" ಎಂದಳು. ನಾನು ಅವರ ಹಿಂದೆ ಬಾಗಿಲವರೆಗೂ ಹೋಗಲಿಲ್ಲ. ಇದು ಮನೆ ವಿಷಯ, ನಿಮ್ಮ ಕೆಲಸ ನೀವು ನೋಡಿ ಎಂದು ಮಾಲೀಕರು ಹೇಳಿದರು. 12.30ರವರೆಗೆ ನನ್ನ ಕೆಲಸ ನೋಡಿದೆನು. ನಾಲ್ಕನೇ ಕಂಪ್ಯೂಟರಿನ ಲಾಗ್ ಪೂರ್ತಿ ಅಳಿಸಲು ಅವರು ಹೇಳಿದ್ದರಿಂದ ಅಳಿಸಿದೆನು. ಪೆನ್‌ಡ್ರೈವಿನಲ್ಲಿದ್ದ ಪ್ರತಿಯನ್ನು ಈಗ ಒಪ್ಪಿಸುತ್ತಿದ್ದೇನೆ.

ಈ ದಿನ ಬೆಳಿಗ್ಗೆ 9ಕ್ಕೆ, ಆಕೆ ನಿನ್ನೆ ಮಧ್ಯಾಹ್ನ ಮನೆಯ ಮೆಟ್ಟಿಲಿಂದ ಜಾರಿಬಿದ್ದು ಆಸ್ಪತ್ರೆಯಲ್ಲಿದ್ದಾಳೆ, ಪ್ರಜ್ಞೆ ಬಂದಿಲ್ಲ ಎಂದು ಟೈಲರ್ ಹೇಳಿದನು. 10.15ಕ್ಕೆ ಆಸ್ಪತ್ರೆಗೆ ಹೋದೆನು. ವಾರ್ಡಿನ ಹೊರಗೆ ಬೆಂಚಿನ ಮೇಲೆ ಆಕೆಯ ತಾಯಿ ಒಬ್ಬರೇ ಇದ್ದರು. ಮಗಳ ಆಫೀಸಿಗೆ ಬಂದುಹೋಗುವವನು ಎಂದೆನು. ಅವರು ಸರಿದು ಜಾಗ ಕೊಟ್ಟು, "ಅಲ್ಲಿಂದ ಒಂದು ನರಪಿಳ್ಳೆನೂ ಬರಲಿಲ್ಲ. ನೀನಾದ್ರೂ ಬಂದ್ಯಲ್ಲಪ್ಪ, ಕೂತ್ಕೋ" ಎಂದರು. ಹತ್ತು ನಿಮಿಷ ಅವರ ಪಕ್ಕದಲ್ಲಿ ಕುಳಿತಿದ್ದೆನು. ನಿಜ ಹೇಳಲಿಲ್ಲ. ಎದ್ದು ನೇರ ಇಲ್ಲಿಗೆ ಬಂದೆನು.

ಬರೆದದ್ದನ್ನು ಓದಿಸಿ ಕೇಳಿದ್ದೇನೆ. ನಾನು ಹೇಳಿದಂತೆಯೇ ಇದೆ, ನಿಜವಾಗಿದೆ.

ಸ್ಥಳ: ಪೊಲೀಸ್ ಠಾಣೆ
ದಿನ: ಬುಧವಾರ, ಬೆಳಿಗ್ಗೆ 11.40
ಹೇಳಿಕೆ ಕೊಟ್ಟವನ ಸಹಿ