ಲಸಿಕೆ ಪೆಟ್ಟಿಗೆಗೆ ಸೀಟು

ಕುರುಗೋಡಿನ ಬಸವೇಶ್ವರನಿಗೆ ಕೈಮುಗಿದು, ವಚನ ಹೇಳಿಕೊಳ್ಳುತ್ತ ಬಳ್ಳಾರಿ ಬಸ್ಸಿಗೆ ಕಾದಿದ್ದೆ. ಪಕ್ಕದ ಚಹಾದಂಗಡಿಯ ಮುಂದೆ ಲಸಿಕೆ ಕಂಪನಿಯ ಕಾರು ನಿಂತಿತ್ತು. ಅದರಲ್ಲಿ ಬಂದಿದ್ದ ಹೆಣ್ಣುಮಗಳು ಫೋನಿಟ್ಟು, ಡ್ರೈವರನತ್ತ ತಿರುಗಿ ನಕ್ಕಳು.

“ಮಾರೇಶಾ, ಗವಿಸಿದ್ದೇಶ್ ಸಾಹೇಬ್ರ ಕಾರು ಸಿರುಗುಪ್ಪದಾಗ ಕೆಟ್ಟು ನಿಂತೈತಂತ. ನಮ್ಮ ಫ್ಯಾಕ್ಟರಿಗೆ ತರ್ತಿದ್ದ ಲಸಿಕಿ ಪೆಟ್ಟಿಗ್ಯಾಗ ಐಸ್ ಕರಗಾಕ ಹತ್ತೈತಂತ.”

“ನಿಮ್ಮನ್ನ ಹಳೇ ಕಂಪನಿಯಿಂದ ತೆಗಿಸಿದ ಸಾಹೇಬ್ರೇನ್ರಿ, ಶೈಲಜಕ್ಕಾ?”

“ಅವ್ರೇ. ಹೈದರಾಬಾದಿಗೆ ಹೊಂಟಾಗ ತಮ್ಮ ಸೂಟ್‌ಕೇಸ್ ಸೀಟಿನ ಮ್ಯಾಲಿಟ್ಟು, ಲಸಿಕಿ ಪೆಟ್ಟಿಗಿ ಡಿಕ್ಕಿಗೆ ಹಾಕ್ಸಿದ್ರು. ಬ್ಯಾಡ್ರಿ ಸಾರ್, ಬಿಸಿಲೈತಿ ಅಂತ ಬಡಕೊಂಡೆ. ಲಸಿಕಿ ಕೆಟ್ಟಮ್ಯಾಲೆ ತಪ್ಪು ನನ್ನ ಮ್ಯಾಲೆ ಹಾಕಿದ್ರು.”

“ಈಗ ಮಾತಾಡಿದ್ದು ನೀವಂತ ಗೊತ್ತಾತೇನ್ರಿ?”

“ನನ್ನ ಹೆಸರು ಕೇಳಿದ ಕೂಡ್ಲೇ ‘ತಾಯಿ, ಹೆಂಗರ ಮಾಡಿ ಬಾ’ ಅಂದ್ರು.”

“ಹೋಗೂದ ಬ್ಯಾಡ್ರಿ. ಕೆಟ್ಟು ಹೋಗ್ಲಿ. ಅವ್ರ ನೌಕ್ರಿನೂ ಹೋಗ್ಲಿ.”

“ಲಸಿಕಿ ಏನು ಪಾಪ ಮಾಡೈತಿ? ಅದು ಯಾವ್ದೋ ಕೂಸಿಂದು. ಐಸ್ ತಗೊಂಡು ಹೋಗೂಣ. ಪೆಟ್ಟಿಗಿ ಹಿಂದ ನನ್ನ ಬಾಜೂಕ ಕುಂದರ್ತೈತಿ.”

“ಸಾಹೇಬ್ರು ಮುಂದ ಕುಂದರ್ತಾರೇನ್ರಿ?”

“ಅಲ್ಲಿ ನನ್ನ ಬ್ಯಾಗ್ ಇಡ್ತೀನಿ.”

“ಮತ್ತ ಸಾಹೇಬ್ರು?”

ಆಕೆ ಉಳಿದ ಚಹಾ ಕುಡಿದು ಎದ್ದಳು.

“ಡಿಕ್ಕಿ ಖಾಲಿ ಐತಲ್ಲೋ. ಬ್ಯಾಡಂದ್ರ ಬಿಸಿಲಾಗ ನಿಂದ್ರಲಿ.”

ಮಾರೇಶ ಗಾಡಿ ತೆಗೆದ. ಕಾರು ಸಿರುಗುಪ್ಪದ ಕಡೆ ಹೊರಳಿತು.