ಸೊಟ್ಟ ಬೆಸುಗೆಯ ಮುಚ್ಚಳ

ಬಸ್‌ ನಿಲ್ದಾಣದ ಬೆಂಚಿನಲ್ಲಿ ಕೂತಿದ್ದ ಕ್ಷೌರಿಕನಿಗೆ ಪಕ್ಕದವರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಗಾಡಿಗಳ ರೇಡಿಯೇಟರ್ ರಿಪೇರಿ ಮಾಡುವ ಅಪ್ಪ, ಗಂಡನ ಮನೆಗೆ ಹೊರಟ ಮಗಳನ್ನು ಬಸ್ಸು ಹತ್ತಿಸಲು ಬಂದಿದ್ದ.

"ನಾನು ಮಾಡಿದ್ದ ಮುಚ್ಚಳ ಈಗ್ಲೂ ಇದೆಯಾ ಅಪ್ಪ?"

"ಇಲ್ದೆ ಏನು? ಎಲ್ಲಿ ಸೋರುತ್ತೆ ಅಂತ ನೋಡೋಕೆ ರೇಡಿಯೇಟರ್‌ಗೆ ಅದನ್ನೇ ಹಾಕಿ, ಸೈಕಲ್ ಪಂಪಿಂದ ಗಾಳಿ ತುಂಬ್ತೀನಿ."

"ಹಳೇ ಮುಚ್ಚಳ, ಅದಕ್ಕೊಂದು ಟ್ಯೂಬಿನ ವಾಲ್ವು. ಬೆಸುಗೆ ಬೇರೆ ಸೊಟ್ಟ."

"ಸೊಟ್ಟಗಿದ್ರೇನು, ಗಾಳಿ ಬಿಡಲ್ಲ."

"ಸೋರೋ ಸದ್ದು ಕೇಳ್ಸುತ್ತಾ ನಿಂಗೆ?"

"ಎಲ್ಲಿ ಕೇಳ್ಸುತ್ತೆ! ಸೋಪಿನ ನೊರೆ ಹಚ್ಚಿ ಗುಳ್ಳೆ ಹುಡುಕ್ತೀನಿ. ನೀನಾದ್ರೆ ಕಿವಿ ಇಟ್ಟು, 'ಇಲ್ಲೇ ಅಪ್ಪ' ಅಂತಿದ್ದೆ."



"ಅಲ್ಲಿ ಬೀದೀಲಿ ಯಾವ ಗಾಡಿ ಬಿಸಿಯಾಗಿ ನಿಂತ್ರೂ ನನ್ ಕೈ ಸುಮ್ನಿರಲ್ಲ."

"ಅಲ್ಲೇ ಒಂದು ಅಂಗಡಿ ಇಡ್ತೀನಿ ಅಂತ ಅಳಿಯಂದ್ರಿಗೆ ಹೇಳಿ ನೋಡು."

"ಹೇಳಿದೀನಿ. ಮನೆ ಮುಂದೆ ಜಾಗ ಇದೆ, ನೋಡೋಣ ಅಂತಾರೆ."

"ಹಂಗಾದ್ರೆ ಮುಚ್ಚಳ ತಗೊಂಡ್ಹೋಗು. ಜೇಬಲ್ಲೇ ಇದೆ."

"ಬೇಡ. ನಿನ್ ಕೈಯಲ್ಲೇ ಇರ್ಲಿ. ನಾನು ಇನ್ನೊಂದು ಮಾಡ್ಕೋತೀನಿ."

ಬಸ್ಸು ಬಂತು. ಅಪ್ಪ ಚೀಲ ಎತ್ತಿಕೊಟ್ಟ.

"ಶುರು ಮಾಡೋ ದಿನ ಹೇಳ್ಕಳ್ಸು. ಅಂಗಡಿ ಬಾಗ್ಲು ಹಾಕ್ಕೊಂಡು ಬಂದ್ಬಿಡ್ತೀನಿ."

ಮಗಳು ಮೆಟ್ಟಿಲ ಮೇಲೇ ತಿರುಗಿ ನಿಂತಳು.

"ಅಲ್ಲೀವರೆಗೂ ಕಾಯ್ಬೇಡ ಅಪ್ಪ. ಸುಮ್ನೆ ಬಾ."

ಬಸ್ಸು ಹೊರಟಿತು. ಅಪ್ಪ ಹತ್ತು ಹೆಜ್ಜೆ ಅದರ ಪಕ್ಕದಲ್ಲೇ ನಡೆದು, ಆಮೇಲೆ ಅಂಗಡಿಯ ದಾರಿ ಹಿಡಿದ.