ಸೈರನ್ ಹಾಕಿದ್ದೆ

ತುಮಕೂರಿನ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಇಬ್ಬರು ಪೊಲೀಸ್ ಡ್ರೈವರ್‌ಗಳು ಕೂತಿದ್ದರು. ಚಿಕ್ಕವನ ಎದೆಯ ಪಟ್ಟಿಯಲ್ಲಿ ಸೋಮಶೇಖರ್ ಎಂದಿತ್ತು. ಇನ್ನೊಬ್ಬರು ನಿವೃತ್ತಿಗೆ ಹತ್ತಿರವಾದವರು. ನಾನು ಪೇಪರ್ ಓದುವವನಂತೆ ಕೂತೆ.

“ಸೈರನ್ ಹಾಕಿದ್ದೆ, ರಾಮಾಂಜಣ್ಣ.”

“ಹಾಕಿರ್ತೀಯ ಬುಡು. ಸರ್ಕಲ್ ಬಂದಾಗ ಬ್ರೇಕ್ ಮೇಲೆ ಕಾಲಿತ್ತಾ?”

“ಎಲ್ಲಾ ಗಾಡಿನೂ ನಿಂತ್ಕೊಂಡ್ವು. ಆಯಮ್ಮ ಮಾತ್ರ ಅಡ್ಡ ಬಂದ್ಬುಡ್ತು.”

“ನಾನು ಕೇಳಿದ್ದು ಬ್ರೇಕ್ ವಿಷ್ಯ ಕಣೋ.”

“ಇರ್ಲಿಲ್ಲ. ಹಾಗಲವಾಡಿ ಹತ್ರ ಬದು ಜಗಳ, ಮಚ್ಚು ಹಿಡ್ಕೊಂಡವ್ರೆ, ಬೇಗ ಬನ್ನಿ ಅಂತ ಕಾಲ್ ಬಂದಿತ್ತು.”

“ಅಲ್ಲೇನಾಯ್ತು?”

“ಬೇರೆ ಗಾಡಿ ಹೋಗೋಷ್ಟರಲ್ಲಿ ಅವ್ರವ್ರೇ ರಾಜಿಯಾಗಿದ್ರಂತೆ.”

ಹಿರಿಯರು ಮಂಡಿಯ ಮೇಲಿದ್ದ ಟೋಪಿಯನ್ನು ಒಮ್ಮೆ ತಿರುಗಿಸಿದರು.

“ಈಗ ಒಳಗೋಗಿ ಆಯಮ್ಮನ್ನ, ಹನುಮಕ್ಕನ್ನ, ನೋಡ್ಕೊಂಡು ಬಂದೆ. ತೊಡೆ ಮೂಳೆ ಮುರಿದೈತೆ. ಪ್ರಾಣಕ್ಕೇನಿಲ್ಲ.”

“ನನ್ನ ಬೈತಾ?”

“ಬೈಲಿಲ್ಲ. ‘ಅಷ್ಟು ಅವಸರವಾಗಿ ಹೋಗ್ತಿದ್ರಲ್ಲಪ್ಪ, ಅಲ್ಲಿದ್ದ ಜೀವ ಉಳೀತಾ’ ಅಂತ ಕೇಳ್ತು.”

“ನೀವೇನಂದ್ರಿ?”

“ನಾನೇನ್ ಹೇಳ್ಲಿ. ಗಾಡಿ ಓಡ್ಸಿದ್ದು ನೀನು. ನೀನೇ ಬಂದು ಹೇಳು.”

ಸೋಮಶೇಖರ್ ಎದ್ದ. ಅಂಗಿ ಸರಿಮಾಡಿಕೊಂಡ. ವಾರ್ಡಿನ ಬಾಗಿಲಲ್ಲಿ ಹಿರಿಯರು ಅವನ ಭುಜ ಹಿಡಿದು ನಿಲ್ಲಿಸಿದರು.

“ಹತ್ರ ಹೋಗಿ ಜೋರಾಗಿ ಹೇಳು. ಆಯಮ್ಮಂಗೆ ಕಿವಿ ಕೇಳಲ್ಲ.”